ಲಾಂಗ್-ಈಝಿ: ಓದಿ ಕಟ್ಟಿದ ವಿಮಾನ

(ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ ಕಡೆಗಳಲ್ಲಿ ನಾಲ್ಕು ಮಾತು ಹೆಚ್ಚು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ತುಂಡನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಒಂದು ನೋಟ್‌ಬುಕ್ಕಿನಷ್ಟು ದೊಡ್ಡದು. ಒಳಗಿರುವುದು ನೀಲಿ ಫೋಮ್. ಹಬ್ಬಕ್ಕೆ ಮಂಟಪ ಮಾಡಲು ತರುತ್ತೀರಲ್ಲ, ಆ ಥರ್ಮೊಕೋಲಿನ ಹತ್ತಿರದ ಸಂಬಂಧಿ. ಎರಡೂ ಬದಿಗೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅಂಟಿಸಿ, ಮೇಲೆ ಬಿಳಿ ಬಣ್ಣ ಬಳಿದಿದ್ದೇನೆ. ಎರಡು ಇಟ್ಟಿಗೆಯ ಮೇಲಿಟ್ಟು ಹತ್ತಿ ನಿಂತರೂ ತಡೆಯುತ್ತದೆ. ಬಗ್ಗಿಸಿ ನೋಡಿ, ಸಂಕೋಚ ಬೇಡ. ಆದರೆ ಇದರಲ್ಲಿ ಒಂದು ತಪ್ಪಿದೆ, ನನ್ನ ಕೈಯಿಂದಲೇ ಆದದ್ದು. ಬಣ್ಣದಡಿ ಮುಚ್ಚಿಹೋಗಿದೆ, ಕಣ್ಣಿಗೆ ಕಾಣುವುದಿಲ್ಲ. ನನ್ನ ಮಾತು ಮುಗಿಯುವುದರೊಳಗೆ ಯಾರಿಗಾದರೂ ಸಿಕ್ಕಿದರೆ ಕೈ ಎತ್ತಿ.

ಇವತ್ತು ನಾನು ಮಾತಾಡಬೇಕೆಂದಿರುವ ವಿಮಾನದ ರೆಕ್ಕೆ ಇದೇ ಸಾಮಗ್ರಿಯದ್ದು. ಹೆಸರು ಲಾಂಗ್-ಈಝಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೊಹಾವೆ ಮರುಭೂಮಿಯ ಅಂಚಿನ ಊರಿನಲ್ಲಿ, ಬರ್ಟ್ ರುಟಾನ್ ಎಂಬವರು ಇದನ್ನು ವಿನ್ಯಾಸ ಮಾಡಿದರು. 1979ರ ಜೂನ್‌ನಲ್ಲಿ ಮೊದಲ ಸಲ ಹಾರಿತು. ಇದನ್ನು ಯಾವ ಕಾರ್ಖಾನೆಯೂ ಮಾಡಿ ಮಾರಲಿಲ್ಲ. ನಕ್ಷೆ ಕೊಂಡ ಜನ ತಮ್ಮ ಮನೆಯ ಗ್ಯಾರೇಜಿನಲ್ಲಿ, ಕಾರನ್ನು ಬೀದಿಗೆ ತಳ್ಳಿ, ಸಂಜೆ ಹೊತ್ತು ಮತ್ತು ಭಾನುವಾರಗಳಲ್ಲಿ ತಾವೇ ಕಟ್ಟಿಕೊಂಡರು. ಹೀಗೆ ನೂರಾರು ವಿಮಾನಗಳು ಹಾರಿದವು. ಕಟ್ಟಿದವರಲ್ಲಿ ವಿಮಾನದ ಎಂಜಿನಿಯರುಗಳು ಕಡಿಮೆ.

ಮನೆಯಲ್ಲಿ ಕಟ್ಟಿದ್ದು ಎಂದ ಕೂಡಲೇ ಬಡಕಲು ಆಟಿಕೆಯ ಚಿತ್ರ ಮನಸ್ಸಿಗೆ ಬರುತ್ತದೆ. ಹಾಗಾಗಿ ಅಂಕಿ ಹೇಳಿಬಿಡುತ್ತೇನೆ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಾಟ ಕಲಿತವರಿಗೆ ಸೆಸ್ನಾ 152 ಗೊತ್ತಿರುತ್ತದೆ. ಇಬ್ಬರು ಕೂರುವ ತರಬೇತಿ ವಿಮಾನ, ಲೈಕಮಿಂಗ್ ಒ-235 ಎಂಜಿನ್, 110 ಅಶ್ವಶಕ್ತಿ. ಓಡಿಸಿದರೆ ಗಂಟೆಗೆ 200 ಕಿಲೋಮೀಟರಿನ ಆಸುಪಾಸು. ಲಾಂಗ್-ಈಝಿಯಲ್ಲೂ ಇಬ್ಬರೇ, ಎಂಜಿನ್ನೂ ಅದೇ ಒ-235 ಜಾತಿಯದ್ದು, 115 ಅಶ್ವಶಕ್ತಿ. ಆದರೆ ಗರಿಷ್ಠ ವೇಗ 300 ಕಿಲೋಮೀಟರಿಗೆ ಕೂದಲೆಳೆ ಕಡಿಮೆ. ಖಾಲಿ ತೂಕ ಸುಮಾರು 320 ಕಿಲೋ. ಇಬ್ಬರು ಮನುಷ್ಯರು, ಇಂಧನ, ಸಾಮಾನು ಎಲ್ಲ ಸೇರಿ 600. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎಂಟು ಮೀಟರೂ ಇಲ್ಲ. ಟ್ಯಾಂಕುಗಳಲ್ಲಿ 200 ಲೀಟರಿನ ಹತ್ತಿರ ಪೆಟ್ರೋಲು ಹಿಡಿಯುತ್ತದೆ, ನಿಧಾನವಾಗಿ ಹೋದರೆ 3,000 ಕಿಲೋಮೀಟರು ದಾಟುತ್ತದೆ. ಅದೇ 1979ರ ಡಿಸೆಂಬರಿನಲ್ಲಿ ಬರ್ಟ್ ಅವರ ಅಣ್ಣ ಡಿಕ್ ರುಟಾನ್ ಹೆಚ್ಚುವರಿ ಟ್ಯಾಂಕು ಹಾಕಿಕೊಂಡು 33 ಗಂಟೆ 33 ನಿಮಿಷ ಎಲ್ಲೂ ಇಳಿಯದೆ ಹಾರಿ, 7,700 ಕಿಲೋಮೀಟರು ಕ್ರಮಿಸಿ ದಾಖಲೆ ಮಾಡಿದರು.

ಎಂಜಿನ್ ಒಂದೇ, ವೇಗ ಒಂದೂವರೆಪಟ್ಟು. ಈ ವ್ಯತ್ಯಾಸ ಎಲ್ಲಿಂದ ಬಂತು? ಆಕಾರದಿಂದ ಬಂತು. ಇಬ್ಬರೂ ಪಕ್ಕಪಕ್ಕ ಕೂರದೆ ಒಬ್ಬರ ಹಿಂದೆ ಒಬ್ಬರು, ಅರೆ ಮಲಗಿದಂತೆ ಕೂರುತ್ತಾರೆ, ಹಾಗಾಗಿ ಒಡಲು ತೆಳ್ಳಗೆ. ರೆಕ್ಕೆಗೆ ಆನಿಸಿದ ಕಂಬಗಳಿಲ್ಲ. ರಿವೆಟ್ಟಿನ ಒಂದು ತಲೆಯೂ ಮೈಮೇಲೆ ಎದ್ದಿಲ್ಲ. ರೆಕ್ಕೆಯ ತುದಿಗಳು ಮೇಲಕ್ಕೆ ಮಡಿಚಿಕೊಂಡಿವೆ. ಈಗ ದೊಡ್ಡ ವಿಮಾನಗಳಲ್ಲಿ ಕಿಟಕಿಯಿಂದ ನೋಡುತ್ತೀರಲ್ಲ, ಆ ವಿಂಗ್ಲೆಟ್. ನಾಸಾದ ರಿಚರ್ಡ್ ವಿಟ್‌ಕಂಬ್ ಅದರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲೇ ರುಟಾನ್ ಅದನ್ನು ಎತ್ತಿಕೊಂಡರು. ಲಾಂಗ್-ಈಝಿಗೂ ಮುಂಚಿನ ಅವರ ವೇರಿ-ಈಝಿ 1975ರಲ್ಲಿ ಹಾರಿದಾಗ, ವಿಂಗ್ಲೆಟ್ ಇಟ್ಟುಕೊಂಡು ಹಾರಿದ ಮೊದಮೊದಲ ವಿಮಾನಗಳಲ್ಲಿ ಅದೂ ಒಂದು. ಜಂಬೋ ಜೆಟ್ಟುಗಳಿಗಿಂತ ಮುಂಚೆ ಗ್ಯಾರೇಜಿನ ಜನರಿಗೆ ವಿಂಗ್ಲೆಟ್ ಸಿಕ್ಕಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ರುಟಾನ್ ಹುಟ್ಟಿದ್ದು 1943ರಲ್ಲಿ. ವಿಮಾನದ ಎಂಜಿನಿಯರಿಂಗ್ ಓದಿ, ಎಡ್ವರ್ಡ್ಸ್ ವಾಯುನೆಲೆಯಲ್ಲಿ ಏಳು ವರ್ಷ ಹಾರಾಟ ಪರೀಕ್ಷೆಯ ಎಂಜಿನಿಯರ್ ಆಗಿದ್ದರು. ಸ್ವಂತ ವಿಮಾನದ ಮಾದರಿಯನ್ನು ಪರೀಕ್ಷಿಸಲು ಗಾಳಿ ಸುರಂಗ ಬೇಕಿತ್ತು, ಅದಕ್ಕೆ ಕೊಡುವಷ್ಟು ದುಡ್ಡು ಇರಲಿಲ್ಲ. ಮಾದರಿಯನ್ನು ಕಾರಿನ ತಲೆಯ ಮೇಲೆ ಕಟ್ಟಿ, ಖಾಲಿ ರಸ್ತೆಯಲ್ಲಿ ವೇಗವಾಗಿ ಓಡಿಸಿ ಅಳತೆ ತೆಗೆದುಕೊಂಡರು. 1974ರಲ್ಲಿ ಮೊಹಾವೆಯಲ್ಲಿ ತಮ್ಮದೇ ಸಂಸ್ಥೆ ತೆರೆದರು. ಮುಂದೆ ಒಮ್ಮೆಯೂ ಇಂಧನ ತುಂಬಿಸದೆ ಭೂಮಿಯನ್ನು ಸುತ್ತಿಬಂದ ವಾಯೇಜರ್ (1986), ಬಾಹ್ಯಾಕಾಶದ ಅಂಚು ಮುಟ್ಟಿಬಂದ ಸ್ಪೇಸ್‌ಶಿಪ್‌ಒನ್ (2004) ಎರಡೂ ಅವರವೇ. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಗ್ಯಾರೇಜಿಗೆ ಮರಳುತ್ತೇನೆ.

ಈ ವಿಮಾನ ನಿಂತಿರುವುದನ್ನು ಮೊದಲ ಸಲ ನೋಡಿದವರು ಏನೋ ಮುರಿದಿದೆ ಎಂದುಕೊಳ್ಳುತ್ತಾರೆ. ಮೂತಿ ನೆಲಕ್ಕೆ ಊರಿ, ಹಿಂಭಾಗ ಎತ್ತಿ, ನೀರು ಕುಡಿಯಲು ಬಗ್ಗಿದ ಕರುವಿನಂತೆ ನಿಂತಿರುತ್ತದೆ. ಎಂಜಿನ್ ಹಿಂದೆ ಇದೆ, ಪ್ರೊಪೆಲ್ಲರ್ ಅದಕ್ಕೂ ಹಿಂದೆ. ಮುಂದಿನ ಸೀಟಿನಲ್ಲಿ ಪೈಲಟ್ ಇಲ್ಲದಿದ್ದರೆ ಭಾರವೆಲ್ಲ ಹಿಂದಕ್ಕೆ ಬಿದ್ದು ವಿಮಾನ ಹಿಂದಕ್ಕೆ ಮಗುಚುತ್ತದೆ. ಅದಕ್ಕೇ ಮೂತಿಯ ಚಕ್ರವನ್ನು ಕೈಹಿಡಿಯಿಂದ ತಿರುಗಿಸಿ ಒಳಕ್ಕೆಳೆದು ಮಂಡಿಯೂರಿಸಿ ನಿಲ್ಲಿಸುತ್ತಾರೆ. ಪೈಲಟ್ ಹತ್ತಿ ಕೂತಾದ ಮೇಲೆ ಚಕ್ರ ಇಳಿಸಿದರೆ ಮೂತಿ ಮೇಲೇಳುತ್ತದೆ.

ಸಣ್ಣ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ. ಇದಕ್ಕೆ ಕ್ಯಾನಾರ್ಡ್ ಎನ್ನುತ್ತಾರೆ, ಫ್ರೆಂಚ್ ಭಾಷೆಯಲ್ಲಿ ಬಾತುಕೋಳಿ ಎಂದರ್ಥ. ರೈಟ್ ಸಹೋದರರ 1903ರ ವಿಮಾನವೂ ಹೀಗೇ ಇತ್ತು. ರುಟಾನ್ ಇದನ್ನು ಆರಿಸಿಕೊಂಡದ್ದು ಚೆಂದಕ್ಕಲ್ಲ. ಸಣ್ಣ ವಿಮಾನದ ಪೈಲಟ್‌ಗಳನ್ನು ಕೊಲ್ಲುವ ಹಳೆಯ ಶತ್ರು ಸ್ಟಾಲ್. ಮೂತಿಯನ್ನು ಅತಿಯಾಗಿ ಎತ್ತಿದರೆ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಬರುತ್ತದೆ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ, ವಿಮಾನ ಗಿರಗಿರನೆ ಸುತ್ತುತ್ತಾ ಬೀಳಬಹುದು. ಲಾಂಗ್-ಈಝಿಯಲ್ಲಿ ಮುಂದಿನ ಸಣ್ಣ ರೆಕ್ಕೆಯೇ ಮೊದಲು ಸೋಲುವಂತೆ ಲೆಕ್ಕ ಹಾಕಲಾಗಿದೆ. ಅದು ಸೋತ ಕೂಡಲೇ ಮೂತಿ ತಾನಾಗಿ ತುಸು ಇಳಿಯುತ್ತದೆ, ಹಿಂದಿನ ದೊಡ್ಡ ರೆಕ್ಕೆ ಸೋಲುವ ಹಂತಕ್ಕೆ ಹೋಗುವುದೇ ಇಲ್ಲ. ವಿಮಾನ ನಡೆಸಲು ಪೈಲಟ್ ಹಿಡಿಯುವ ಕೋಲನ್ನು ಎಷ್ಟು ಎಳೆದರೂ ಮೂತಿ ಮೆಲ್ಲಗೆ ಏಳುತ್ತಾ ಇಳಿಯುತ್ತಾ ತಲೆದೂಗುತ್ತದೆ, ಅಷ್ಟೇ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ದೊಡ್ಡ ರೆಕ್ಕೆ ತನ್ನ ಪೂರ್ಣ ಶಕ್ತಿ ತೋರುವ ಮೊದಲೇ ಸಣ್ಣದು ಕೈಬಿಡುವುದರಿಂದ ನಿಧಾನವಾಗಿ ಇಳಿಯಲು ಆಗದು. ನಿಧಾನವಾಗಿ ಇಳಿಯಲೆಂದು ರೆಕ್ಕೆಯ ಹಿಂದಂಚಿನಿಂದ ಕೆಳಕ್ಕೆ ಬಾಗಿಸುವ ಫ್ಲ್ಯಾಪ್‌ಗಳೂ ಇಲ್ಲ. ಹಾಗಾಗಿ ಉದ್ದನೆಯ, ಚೊಕ್ಕಟವಾದ ರನ್‌ವೇ ಬೇಕು. ಮಣ್ಣಿನ ಮೈದಾನದಲ್ಲಿ ಇಳಿಸಿದರೆ ಚಕ್ರ ಎಬ್ಬಿಸಿದ ಕಲ್ಲು ನೇರ ಹಿಂದಿನ ಪ್ರೊಪೆಲ್ಲರಿಗೆ ಬಡಿಯುತ್ತದೆ. ಇದು ದೂರದ ಪ್ರಯಾಣಕ್ಕೆ ಹುಟ್ಟಿದ ವಿಮಾನ, ಹೊಲದಂಚಿಗೆ ಇಳಿಯುವುದಲ್ಲ.

ಈಗ ಕಟ್ಟುವ ಕೆಲಸ. ನನಗೆ ಪ್ರಿಯವಾದ ಭಾಗ ಇದು, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಗಾಜಿನ ನಾರಿನ ವಿಮಾನ ಅಷ್ಟರಲ್ಲಾಗಲೇ ಇತ್ತು. ಜರ್ಮನಿಯವರು ಅದರಲ್ಲಿ ಅದ್ಭುತವಾದ ಗ್ಲೈಡರುಗಳನ್ನು ಮಾಡುತ್ತಿದ್ದರು. ಆದರೆ ಅವರದು ಅಚ್ಚಿನ ಕೆಲಸ. ಮೊದಲು ರೆಕ್ಕೆಯಷ್ಟೇ ದೊಡ್ಡ ಅಚ್ಚು, ಅದರೊಳಗೆ ಬಟ್ಟೆ ಮತ್ತು ರಾಳ. ನೂರು ಗಣಪನನ್ನು ಮಾರುವವನಿಗೆ ಅಚ್ಚು ಲಾಭ, ಮನೆಯ ಪೂಜೆಗೆ ಒಂದೇ ಗಣಪ ಮಾಡುವವನು ಮಣ್ಣನ್ನು ಕೈಯಲ್ಲೇ ತಿದ್ದುತ್ತಾನೆ. ರುಟಾನ್ ಈ ಎರಡನೆಯ ದಾರಿ ಹಿಡಿದರು. ಫೋಮನ್ನೇ ರೆಕ್ಕೆಯ ಆಕಾರಕ್ಕೆ ಕತ್ತರಿಸು, ಅದರ ಮೇಲೆ ಬಟ್ಟೆ ಹೊದಿಸು, ಫೋಮ್ ಒಳಗೇ ಉಳಿಯಲಿ. ಅಚ್ಚೂ ಅದೇ, ತಿರುಳೂ ಅದೇ.

ಕ್ಯಾಲಿಫೋರ್ನಿಯಾದಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಪಕ್ಕದ ಮನೆಯವರೊಬ್ಬರು ಹಳೆಯ ನಕ್ಷೆ ಇಟ್ಟುಕೊಂಡು ಲಾಂಗ್-ಈಝಿ ಕಟ್ಟುತ್ತಿದ್ದರು. ಫೋಮ್ ಕತ್ತರಿಸುವ ದಿನ ಎರಡನೆಯ ಆಳು ಬೇಕಾಗಿತ್ತು, ನಾನು ಸಿಕ್ಕಿದೆ. ನೀಲಿ ಫೋಮಿನ ದಿಮ್ಮಿ, ಅದರ ಎರಡು ತುದಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಪಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಬಿಲ್ಲಿನಂಥ ಚೌಕಟ್ಟಿಗೆ ಬಿಗಿದ ತಂತಿ. ಅದಕ್ಕೆ ಕರೆಂಟು ಕೊಟ್ಟರೆ ಬಿಸಿಯಾಗಿ, ಬೆಣ್ಣೆಯಲ್ಲಿ ಚಾಕು ಹೋದಂತೆ ಫೋಮಿನಲ್ಲಿ ಹೋಗುತ್ತದೆ. ಅವರು ಒಂದು ತುದಿ, ನಾನು ಇನ್ನೊಂದು ತುದಿ.

ಆ ಪಟ್ಟಿಗಳ ಅಂಚಿನಲ್ಲಿ ಸಾಲಾಗಿ ಅಂಕಿ ಬರೆದಿತ್ತು. ಯಾಕೆ ಗೊತ್ತೆ? ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಇಬ್ಬರೂ ಒಂದೇ ವೇಗದಲ್ಲಿ ಎಳೆದರೆ ಕಿರಿದು ತುದಿಯವನು ಮೊದಲು ಮುಗಿಸುತ್ತಾನೆ, ತಂತಿ ಓರೆಯಾಗುತ್ತದೆ, ರೆಕ್ಕೆ ಸೊಟ್ಟಗಾಗುತ್ತದೆ. ಅದಕ್ಕೆ ಒಬ್ಬರು ಅಂಕಿ ಕೂಗಬೇಕು, ಆ ಅಂಕಿಯ ಬಳಿ ಇಬ್ಬರ ತಂತಿಯೂ ಒಟ್ಟಿಗೆ ಇರಬೇಕು. ಬುಡದವರು ಬೇಗ, ತುದಿಯವರು ನಿಧಾನ. ಹದಿನೇಳು... ಹದಿನೇಳೂವರೆ... ಹದಿನೆಂಟು. ಗದ್ದೆಯಲ್ಲಿ ನಾಟಿ ಹಾಕುವವರು ಪದ ಹಾಡಿಕೊಂಡು ಸಾಲು ತಪ್ಪದಂತೆ ಹೋಗುವುದು ನೆನಪಾಯಿತು. ಇಪ್ಪತ್ತರ ಹತ್ತಿರ ನನ್ನ ಗಮನ ಒಂದು ಕ್ಷಣ ಹಾರಿ, ಕೈ ನಿಂತುಬಿಟ್ಟಿತು. ಅಷ್ಟರಲ್ಲೇ ತಂತಿ ಅಲ್ಲೊಂದು ಕುಳಿ ಕೊರೆದಿತ್ತು, ಬೆರಳು ಆಡಿಸಿದರೆ ತಾಗುವಷ್ಟು. ಅವರು ಬೈಯಲಿಲ್ಲ. ನಕ್ಷೆ ತೆರೆದು ಒಂದು ಸಾಲು ತೋರಿಸಿದರು. ಅಂಥ ಕುಳಿಯನ್ನು ಹೇಗೆ ತುಂಬಬೇಕು ಎಂದು ಅಲ್ಲೇ ಬರೆದಿತ್ತು. ನನ್ನ ಕೈ ನಿಲ್ಲುತ್ತದೆ ಎಂದು ನಕ್ಷೆ ಬರೆದವರಿಗೆ ಮೊದಲೇ ಗೊತ್ತಿತ್ತು!

ಕತ್ತರಿಸಿ ಉಳಿದ ಹೊರ ತುಂಡುಗಳನ್ನು ಎಸೆಯುವ ಹಾಗಿಲ್ಲ. ಬಟ್ಟೆ ಹೊದಿಸುವಾಗ ರೆಕ್ಕೆಗೆ ಅವೇ ತೊಟ್ಟಿಲು. ಆಮೇಲೆ ಗಾಜಿನ ಪುಟ್ಟ ಪೊಳ್ಳು ಗುಂಡುಗಳ ಪುಡಿ, ಹಿಟ್ಟಿನಷ್ಟು ನುಣುಪು, ಅದನ್ನು ಎಪಾಕ್ಸಿಯಲ್ಲಿ ಕಲಸಿ ಫೋಮಿಗೆ ಸಾರಿಸುತ್ತಾರೆ. ಇದು ಫೋಮಿನ ತೂತುಗಳನ್ನು ತುಂಬುತ್ತದೆ, ಬಟ್ಟೆಗೆ ಹಿಡಿತ ಸಿಗುತ್ತದೆ. ಇದು ತಪ್ಪಿದ ಕಡೆ ಬಟ್ಟೆ ಮುಂದೊಂದು ದಿನ ಸುಲಿದುಬರುತ್ತದೆ. ಅದರ ಮೇಲೆ ಬಟ್ಟೆ, ಅದಕ್ಕೆ ಎಪಾಕ್ಸಿ, ರಬ್ಬರಿನ ಪಟ್ಟಿಯಿಂದ ಒತ್ತಿ ಒತ್ತಿ ಹೆಚ್ಚಾದದ್ದನ್ನು ಹಿಂಡಿ ತೆಗೆಯುವುದು. ಬಟ್ಟೆ ಬಿಳಿಯಾಗಿ ಕಂಡರೆ ಒಣಗಿದೆ, ಮಿರಮಿರ ಮಿನುಗಿದರೆ ಎಪಾಕ್ಸಿ ಹೆಚ್ಚಾಗಿದೆ. ಎರಡರ ನಡುವಿನ ಹದ ಹಿಡಿಯಬೇಕು. ಎಪಾಕ್ಸಿ ಹೆಚ್ಚಾದರೆ ಬಲ ಹೆಚ್ಚುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ, ಆ ತೂಕವನ್ನು ವಿಮಾನ ಬದುಕಿರುವಷ್ಟು ದಿನ ಹೊರಬೇಕು. ಕೆಲವು ಗಂಟೆ ಬಿಟ್ಟು, ಇನ್ನೂ ಪೂರ್ತಿ ಗಟ್ಟಿಯಾಗದೆ ಚರ್ಮದಂತಿರುವಾಗ, ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಬೇಕು. ಬೇಗ ಕತ್ತರಿಸಿದರೆ ದಾರ ಎದ್ದುಬರುತ್ತದೆ, ತಡವಾದರೆ ಗರಗಸವೇ ಬೇಕು. ಬೆಲ್ಲದ ಪಾಕ ಕಾಯಿಸಿದ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಪಾಕ್ಸಿ ಮತ್ತು ಅದನ್ನು ಗಟ್ಟಿಮಾಡುವ ದ್ರವದ ಪ್ರಮಾಣ ಕರಾರುವಾಕ್ಕಾಗಿರಬೇಕು. ಅದಕ್ಕೆ ದುಬಾರಿ ಯಂತ್ರ ಕೊಳ್ಳಿ ಎಂದು ನಕ್ಷೆ ಹೇಳುವುದಿಲ್ಲ. ಮರದ ಪಟ್ಟಿಯಲ್ಲಿ ಒಂದು ತಕ್ಕಡಿ ಮಾಡಿಕೊಳ್ಳುವುದನ್ನು ಕಲಿಸುತ್ತದೆ. ನಡುಗೂಟದಿಂದ ಎರಡು ಬಟ್ಟಲಿಗೆ ಇರುವ ದೂರವೇ ಪ್ರಮಾಣ. ತಕ್ಕಡಿ ಸಮನಾಯಿತೋ, ಬೆರಕೆ ಸರಿಯಾಯಿತು.

ಎಲ್ಲ ಫೋಮೂ ಒಂದೇ ಅಲ್ಲ. ಈ ನೀಲಿ ಫೋಮಿಗೆ ಪೆಟ್ರೋಲು ತಾಗಿದರೆ ಕರಗಿಹೋಗುತ್ತದೆ, ಹಾಗಾಗಿ ಟ್ಯಾಂಕಿಗೆ ಬೇರೆ ಜಾತಿಯ ಫೋಮ್. ಯುರೆಥೇನ್ ಫೋಮನ್ನು ಬಿಸಿ ತಂತಿಯಲ್ಲಿ ಕೊಯ್ದರೆ ವಿಷದ ಹೊಗೆ ಏಳುತ್ತದೆ, ಅದನ್ನು ಚಾಕು ಮತ್ತು ಉಪ್ಪುಕಾಗದದಲ್ಲೇ ಕೆತ್ತಬೇಕು. ಈ ವಿಮಾನಗಳೆಲ್ಲ ಬಿಳಿ ಬಣ್ಣದವು ಯಾಕೆಂದರೆ, ಗಾಢ ಬಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿದರೆ ಚರ್ಮ ಕಾದು ಎಪಾಕ್ಸಿಯೂ ಫೋಮೂ ಮೆತ್ತಗಾಗುತ್ತವೆ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನಕ್ಷೆ ಎಂದು ರುಟಾನ್ ಮಾರಿದ್ದು ಪುಸ್ತಕವನ್ನು. ಈ ವಿಮಾನದಲ್ಲಿ ನನಗೆ ಅತಿ ದೊಡ್ಡ ಸಾಧನೆಯಾಗಿ ಕಾಣುವುದು ವಿಂಗ್ಲೆಟ್ ಅಲ್ಲ, ಆ ಪುಸ್ತಕದ ಬರವಣಿಗೆ. ಡ್ರಾಯಿಂಗ್ ಓದಲು ಬಾರದ ಅಂಗಡಿಯವನೂ ಕಟ್ಟಬಲ್ಲಂತೆ, ಕೆಲಸ ನಡೆಯುವ ಕ್ರಮದಲ್ಲೇ, ಎದುರಿಗೆ ನಿಂತು ಹೇಳಿದ ಹಾಗೆ ಬರೆದರು. ಇದನ್ನು ಹಚ್ಚು, ಇಲ್ಲಿ ಒತ್ತು, ಈಗ ಕಾಯಿ. ಮೊದಲ ಪಾಠದಲ್ಲಿ ವಿಮಾನದ ಯಾವ ಭಾಗವನ್ನೂ ಮಾಡಿಸುವುದಿಲ್ಲ. ಒಂದು ಅಭ್ಯಾಸದ ತುಂಡು ಮಾಡಿಸಿ, ತೂಗಿ ನೋಡಲು ಹೇಳುತ್ತಾರೆ, ಎಪಾಕ್ಸಿ ಹೆಚ್ಚಾಯಿತೋ ಕಡಿಮೆಯಾಯಿತೋ ತಕ್ಕಡಿ ಹೇಳುತ್ತದೆ. ಆಮೇಲೆ ಇನ್ನೊಂದು ತುಂಡು ಮಾಡಿ ಅದರ ಮೇಲೆ ಹತ್ತಿ ನಿಲ್ಲು ಎನ್ನುತ್ತಾರೆ. ತನ್ನ ಕೈಕೆಲಸ ತನ್ನನ್ನು ಹೊರುತ್ತದೆ ಎಂದು ಕಾಲಿಗೆ ತಿಳಿದ ಮೇಲೆ ರೆಕ್ಕೆಯ ಮಾತು.

ನಮ್ಮ ಕನ್ನಡ ತಾಂತ್ರಿಕ ಪಠ್ಯಗಳನ್ನು ನೆನೆದು ನನಗೆ ಸಂಕಟವಾಗುವುದು ಇಲ್ಲೇ. 'ರಾಳವು ಲೇಪಿಸಲ್ಪಟ್ಟ ನಂತರ ಹೆಚ್ಚುವರಿಯು ತೆಗೆಯಲ್ಪಡತಕ್ಕದ್ದು' ಎಂಬಂಥ ವಾಕ್ಯಗಳನ್ನು ಓದಿ ಯಾವ ಹುಡುಗ ಯಾವ ಕೆಲಸ ಕಲಿತಾನು? ಹದ, ಪಾಕ, ಸಾರಿಸು, ಹಿಂಡು, ಒರೆಸು, ಕೈಕೆಲಸದ ಇಷ್ಟು ಮಾತು ನಮ್ಮ ಭಾಷೆಯಲ್ಲಿ ತುಂಬಿ ತುಳುಕುವಾಗ ಪಠ್ಯ ಮಾತ್ರ ಒಣಗಿ ಕೂತಿದೆ. ಬಡಗಿಯೊಬ್ಬ ಮಗನಿಗೆ ಹೇಳುವಂತೆ ಬರೆದರೆ ಸಾಕು, ನಮ್ಮ ವರ್ಕ್‌ಶಾಪುಗಳ ಮುಖವೇ ಬದಲಾಗುತ್ತದೆ.

ಪುಸ್ತಕ ಕೊಟ್ಟು ರುಟಾನ್ ಕೈತೊಳೆದುಕೊಳ್ಳಲಿಲ್ಲ. ಕ್ಯಾನಾರ್ಡ್ ಪುಶರ್ ಎಂಬ ಪತ್ರಿಕೆ ಹೊರಡಿಸಿ, ಎಲ್ಲೋ ಒಬ್ಬರಿಗೆ ಎದುರಾದ ತೊಂದರೆ ಎಲ್ಲ ಕಟ್ಟುಗರಿಗೂ ತಿಳಿಯುವಂತೆ ಮಾಡಿದರು. ನಕ್ಷೆಯ ಯಾವ ಪುಟದಲ್ಲಿ ಏನು ತಿದ್ದಬೇಕು ಎಂಬುದು ಅದರಲ್ಲೇ ಬರುತ್ತಿತ್ತು. ಮಳೆಯ ವಿಷಯವನ್ನೇ ನೋಡಿ. ಮೊದಲಿನ ಮುಂದಿನ ರೆಕ್ಕೆಯ ಮೇಲೆ ಮಳೆಹನಿ ಕೂತರೆ ನುಣುಪಾದ ಗಾಳಿಹರಿವು ಕೆಟ್ಟು, ಎತ್ತುವ ಬಲ ಕುಗ್ಗಿ, ಮೂತಿ ಇಳಿಯುತ್ತಿತ್ತು. ಪೈಲಟ್ ಕೋಲನ್ನು ಎಳೆದು ಹಿಡಿದೇ ಹಾರಬೇಕಿತ್ತು. ಕೊನೆಗೆ ಜಾನ್ ರಾಂಝ್ ಎಂಬ ತಜ್ಞರು ಮಳೆಗೆ ಬೆದರದ ಹೊಸ ಆಕಾರ ಲೆಕ್ಕ ಹಾಕಿ ಕೊಟ್ಟರು, ಹಳಬರು ಮೂತಿಯ ರೆಕ್ಕೆಯನ್ನಷ್ಟೇ ಹೊಸದಾಗಿ ಕಟ್ಟಿ ಜೋಡಿಸಿಕೊಂಡರು. ಅಪಘಾತವಾದರೆ ಕಾನೂನಿನ ಹೊಣೆ ತಮ್ಮ ಮೇಲೆ ಬರಬಹುದೆಂಬ ಕಾರಣಕ್ಕೆ 1985ರಲ್ಲಿ ರುಟಾನ್ ನಕ್ಷೆ ಮಾರುವುದನ್ನು ನಿಲ್ಲಿಸಿದರು. ಪತ್ರಿಕೆ ಮಾತ್ರ ಮುಂದುವರಿಯಿತು.

ಬರೆದದ್ದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನೂ ಹೇಳಲೇಬೇಕು. 1997ರ ಅಕ್ಟೋಬರ್ 12ರಂದು ಖ್ಯಾತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಹಾರಿಸುತ್ತಿದ್ದುದು ಲಾಂಗ್-ಈಝಿ. ಕಟ್ಟಿದವರು ಬೇರೆ, ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಬದಲಿಸುವ ಇಂಧನದ ಕೀಲನ್ನು, ಅಂದರೆ ವಾಲ್ವನ್ನು, ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ, ಕಣ್ಣೆದುರಿಗೇ ಇಡಲಾಗಿದೆ. ಈ ವಿಮಾನದಲ್ಲಿ ಅದು ಪೈಲಟ್‌ನ ಎಡ ಹೆಗಲಿನ ಹಿಂದೆ ಇತ್ತು. ಅದನ್ನು ತಿರುಗಿಸಲು ಕೋಲನ್ನು ಬಿಟ್ಟು, ಮೈಯನ್ನು ಹಿಂದಕ್ಕೆ ತಿರುಚಬೇಕು. ಹಾಗೆ ತಿರುಚಿದಾಗ ಆಸರೆಗೆಂದು ಬಲಗಾಲು ತಾನಾಗಿ ಪೆಡಲನ್ನು ಒತ್ತುತ್ತದೆ, ವಿಮಾನ ಬಲಕ್ಕೆ ವಾಲುತ್ತದೆ. ಇಂಧನ ಎಷ್ಟಿದೆ ಎಂದು ತೋರಿಸುವ ಗುರುತುಗಳೂ ಹಿಂದೆ ಇದ್ದವು. ಹೊರಡುವ ಮುನ್ನ ಪೆಟ್ರೋಲು ಹಾಕಿಸಿಕೊಳ್ಳಲು ಅವರು ಬೇಡವೆಂದಿದ್ದರು. ಅಪಘಾತ ತನಿಖಾ ಮಂಡಳಿ ಇದನ್ನೆಲ್ಲ ವಿವರವಾಗಿ ದಾಖಲಿಸಿದೆ. ಕೀಲನ್ನು ಜಾಗ ಬದಲಿಸಿದ್ದರ ಹಿಂದಿದ್ದದ್ದು ಕೆಟ್ಟ ಉದ್ದೇಶವಲ್ಲ, ಪೈಲಟ್ ಕೂರುವ ಕಡೆ ಇಂಧನದ ಕೊಳವೆ ಬೇಡ ಎಂಬ ಕಾಳಜಿ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಕಟ್ಟಿದಂತಾಯಿತು.

ಅಮೆರಿಕದ ಕಾನೂನು ಇಂಥ ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ, ಕಲಿಕೆಗೋ ಸಂತೋಷಕ್ಕೋ, ಕಟ್ಟಿರಬೇಕು ಎನ್ನುತ್ತದೆ. ಸಾಮಾನ್ಯವಾಗಿ ಶುರುವಿನ 25 ಅಥವಾ 40 ಗಂಟೆ ಪ್ರಯಾಣಿಕರಿಲ್ಲದೆ, ಗೊತ್ತುಮಾಡಿದ ಪ್ರದೇಶದೊಳಗೆ ಹಾರಿ ಪರೀಕ್ಷಿಸಬೇಕು. ಅದರಾಚೆ ಕಟ್ಟುವವನಿಗೆ ಬಹಳ ಸ್ವಾತಂತ್ರ್ಯ. ಆ ಸ್ವಾತಂತ್ರ್ಯದಿಂದಲೇ ಹೊಸತು ಹುಟ್ಟುತ್ತದೆ. 2001ರಲ್ಲಿ ಒಂದು ಲಾಂಗ್-ಈಝಿಗೆ ಎಂಜಿನ್ ಬದಲು ರಾಕೆಟ್ ಕೂರಿಸಿ ಹಾರಿಸಿದರು. ಆದರೆ ಎಡ ಹೆಗಲಿನ ಹಿಂದಿನ ಆ ಕೀಲೂ ಅದೇ ಸ್ವಾತಂತ್ರ್ಯದ ಕೂಸು.

ಈ ವಿಮಾನಕ್ಕೂ ನಮಗೂ ಏನು ಸಂಬಂಧ ಎಂದು ನಿಮಗನ್ನಿಸಿರಬಹುದು. ಬೆಂಗಳೂರಿನ ಎನ್‌ಎಎಲ್, ಅಂದರೆ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಲಾಂಗ್-ಈಝಿಯನ್ನೇ ಆಧಾರವಾಗಿ ಇಟ್ಟುಕೊಂಡು ಲೈಟ್ ಕ್ಯಾನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಟ್ಟಿ, 1987ರಲ್ಲಿ ಹಾರಿಸಿತು. ಮೊಹಾವೆಯ ಬಾತುಕೋಳಿ ಬೆಂಗಳೂರಿನ ಆಕಾಶ ಕಂಡಿತು. ಗಾಜಿನ ನಾರಿನಲ್ಲಿ ಇಡೀ ವಿಮಾನ ಕಟ್ಟುವ ಹಾದಿಯಲ್ಲಿ ಅದೊಂದು ಮೊದಲ ಮೆಟ್ಟಿಲು. ಆ ಹಾದಿಯಲ್ಲೇ ಎನ್‌ಎಎಲ್‌ನ ತರಬೇತಿ ವಿಮಾನ ಹಂಸ ಬಂತು. 1993ರಲ್ಲಿ ಮೊದಲ ಹಾರಾಟ, 2000ದಲ್ಲಿ ಪ್ರಮಾಣಪತ್ರ, ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ. ಹಂಸದಲ್ಲಿ ಸಣ್ಣ ರೆಕ್ಕೆ ಮತ್ತೆ ಬಾಲಕ್ಕೇ ಹೋಯಿತು, ಕಲಿಯುವವರಿಗೆ ನಿಧಾನವಾಗಿ ಇಳಿಯುವ ಮಾಮೂಲಿ ರೂಪವೇ ಸರಿ. ಹೊಸ ಪೀಳಿಗೆಯ ಹಂಸ 2021ರಲ್ಲಿ ಹಾರಿದೆ. ಹಂಸವನ್ನು ಎಲ್ಲಾದರೂ ಹತ್ತಿರದಿಂದ ನೋಡಲು ಸಿಕ್ಕಿದರೆ ಮೈಮೇಲೆ ಕೈ ಆಡಿಸಿ ನೋಡಿ.

(ಪ್ರಶ್ನೋತ್ತರದಲ್ಲಿ ಹೆಚ್ಚಿನವು ಎಂಜಿನ್ನಿನ ಬಗ್ಗೆ ಇದ್ದವು, ಇಲ್ಲಿ ಬಿಟ್ಟಿದ್ದೇನೆ. ಕೊನೆಯದೊಂದನ್ನು ಸೇರಿಸುತ್ತೇನೆ.)

ಹಿಂದಿನ ಸಾಲಿನ ಡಿಪ್ಲೊಮಾ ವಿದ್ಯಾರ್ಥಿನಿಯೊಬ್ಬಳು ತುಂಡನ್ನು ಕೈಯಲ್ಲಿ ಹಿಡಿದು ನಿಂತಳು. ತಪ್ಪು ಇಲ್ಲಿದೆ ಸರ್ ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅಪ್ಪ ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವ ಹಾಗೆ ನೋಡಿದೆ ಎಂದು, ಎರಡು ರೂಪಾಯಿ ನಾಣ್ಯ ತೆಗೆದು ತುಂಡಿನ ಉದ್ದಕ್ಕೂ ತಟ್ಟುತ್ತಾ ಬಂದಳು. ಲಾಂಗ್-ಈಝಿ ಕಟ್ಟುವವರು ರೆಕ್ಕೆಯನ್ನು ಪರೀಕ್ಷಿಸುವುದೂ ಹಾಗೆಯೇ, ಅದನ್ನು ನಾನು ಭಾಷಣದಲ್ಲಿ ಬೇಕೆಂದೇ ಹೇಳಿರಲಿಲ್ಲ. ಟಣ್, ಟಣ್, ಟಣ್ ಎನ್ನುತ್ತಿದ್ದದ್ದು ಮೂಲೆಯ ಹತ್ತಿರ ಬಂದಾಗ ಡಬ್ ಎಂದಿತು. ಕೆಲಸದ ದಿನ ಫೋನು ಬಂದು ಎದ್ದುಹೋದಾಗ ಸಾರಿಸದೆ ಬಿಟ್ಟ ಜಾಗ ಅದು, ನಾಣ್ಯದಷ್ಟೇ ಅಗಲ. ಪೆನ್ನಿನಲ್ಲಿ ಸುತ್ತ ಗೆರೆ ಎಳೆಯಲು ಹೇಳಿದೆ. ಎಳೆದು, ಪಕ್ಕದಲ್ಲಿ ತಾರೀಕನ್ನೂ ಬರೆದು ಕೊಟ್ಟಳು.